ಅಂಗನವಾಡಿಗೂ ಬಂತು ಟಾರ್ಗೆಟ್ಟು

ಕೆಲಸ ತೋರಿಸಿದವರಿಗೆ ಹೆಚ್ಚು ಹಣ ಎಂಬ ನೀತಿ ಅಂಗನವಾಡಿಯ ಹೊಸ್ತಿಲನ್ನೂ ದಾಟಿದೆ. 2018ರಲ್ಲಿ ಕೇಂದ್ರ ಸರ್ಕಾರವು ಕಾರ್ಯಕರ್ತೆಯರಿಗೆ ತಾನು ನಿಗದಿಪಡಿಸುವ ಗೌರವಧನವನ್ನು ತಿಂಗಳಿಗೆ 3000 ರೂಪಾಯಿಯಿಂದ 4500ಕ್ಕೆ ಏರಿಸಿತು. ಜೊತೆಗೆ, ಕೆಲಸದ ಸಾಧನೆ ನೋಡಿ ಕಾರ್ಯಕರ್ತೆಗೆ 500, ಸಹಾಯಕಿಗೆ 250 ರೂಪಾಯಿ ಪ್ರೋತ್ಸಾಹಧನ ಎಂದಿತು. ಸಾಧನೆ ಎಂದರೆ ಮೊಬೈಲಿನಲ್ಲಿ ದಾಖಲಾದದ್ದು.

ನನ್ನ ಶಿಷ್ಯರಲ್ಲಿ ಹಲವರು ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದೀರಿ. "ಇದರಲ್ಲಿ ತಪ್ಪೇನು ಸಾರ್, ನಮಗೂ ಟಾರ್ಗೆಟ್ ಇಲ್ಲವೇ?" ಎಂದು ನೀವು ಕೇಳುವಿರೆಂದು ಬಲ್ಲೆ. ನಿಮ್ಮ ಸರಕು ಬೇಧಿಯಾಗಿ ನಾಲ್ಕು ದಿನಕ್ಕೆ ತೂಕ ಕಳೆದುಕೊಳ್ಳುವುದಿಲ್ಲ. ತಾಯಿಯ ಸೆರಗು ಹಿಡಿದು ಕಬ್ಬು ಕಡಿಯಲು ಗುಳೆ ಹೋಗುವುದೂ ಇಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಸುಗ್ಗಿ ಮುಗಿದೊಡನೆ ಮನೆಗಳಿಗೆ ಬೀಗ ಬೀಳುತ್ತದೆ. ಅಲ್ಲಿ ಹಾಜರಿ ಕುಸಿದರೆ ಅದು ಕಾರ್ಯಕರ್ತೆಯ ಆಲಸ್ಯವೇ? ಹೆಚ್ಚು ಹಣ, ಹೆಚ್ಚು ಕೈಗಳು ಬೇಕಾದ ಕೇಂದ್ರವೇ ಈ ಲೆಕ್ಕದಲ್ಲಿ ಸೋಲುತ್ತದೆ.

ಇನ್ನೂ ಕೆಟ್ಟದ್ದೊಂದಿದೆ. ಮಗುವನ್ನು ತೂಗುವುದು ಅದರ ಸಂಕಟವನ್ನು ತಿಳಿಯಲಿಕ್ಕೆ. ತೂಗುವವಳ ಗಳಿಕೆಯನ್ನೇ ಆ ಅಂಕಿಗೆ ಕಟ್ಟಿಹಾಕಿದರೆ ಅಂಕಿ ದಪ್ಪವಾದೀತು, ಮಗು ಬಡಕಲಾಗಿಯೇ ಉಳಿದೀತು. ಕಾರ್ಯಕರ್ತೆಯರು ಸುಳ್ಳುಗಾರರೆಂದು ನಾನು ಹೇಳುತ್ತಿಲ್ಲ. ಬಡವರನ್ನು ಸುಳ್ಳಿನ ಕಡೆಗೆ ನೂಕುವ ವ್ಯವಸ್ಥೆಯನ್ನು ಹಳಿಯುತ್ತಿದ್ದೇನೆ.

ಇದೇನು ಹೊಸ ಜ್ಞಾನವಲ್ಲ. 1862ರಲ್ಲಿ ಇಂಗ್ಲೆಂಡಿನ ರಾಬರ್ಟ್ ಲೋ ಎಂಬಾತ ಓದು, ಬರಹ, ಲೆಕ್ಕಗಳಲ್ಲಿ ಮಕ್ಕಳು ಪಾಸಾದಂತೆ ಶಾಲೆಗೆ ಅನುದಾನ ಎಂಬ ನಿಯಮ ತಂದ. ಪಾಠವೆಲ್ಲ ಉರುಹೊಡೆಸುವ ಕಸರತ್ತಾಯಿತು. ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನೇ ಅದನ್ನು ಕಟುವಾಗಿ ವಿರೋಧಿಸಿದ. ಆ ಶತಮಾನ ಮುಗಿಯುವ ಮೊದಲೇ ಅವರು ಅದನ್ನು ಕೈಬಿಟ್ಟರು. ಗಮನಿಸಿ: ಅಂಥ ಲೋ ಕೂಡ ಆರು ವರ್ಷದೊಳಗಿನ ಮಕ್ಕಳನ್ನು ಆ ಪರೀಕ್ಷೆಯಿಂದ ಹೊರಗಿಟ್ಟಿದ್ದ. ನಾವು ಆರಂಭಿಸಿರುವುದೇ ಅವರಿಂದ!

ಲೆಕ್ಕವೇ ಬೇಡವೆಂದು ನನ್ನ ವಾದವಲ್ಲ. ತೂಗಿರಿ, ಬರೆಯಿರಿ, ಆದರೆ ಆ ಬರಹವನ್ನು ಗೌರವಧನದಿಂದ ಬೇರ್ಪಡಿಸಿರಿ. ಐನೂರು ರೂಪಾಯಿಯನ್ನು ಪ್ರತಿಯೊಬ್ಬ ಕಾರ್ಯಕರ್ತೆಯ ತಿಂಗಳ ಹಣಕ್ಕೇ ಸೇರಿಸಿ, ತಪ್ಪದೆ ತಿಂಗಳು ತಿಂಗಳು ಕೊಡಿರಿ. ಯಾವ ಊರಿನ ಮಕ್ಕಳ ತೂಕ ಕಡಿಮೆ ಬಂದಿದೆಯೋ ಆ ಊರಿಗೆ ನೋಟೀಸು ಕಳುಹಿಸುವ ಬದಲು ಇನ್ನೊಬ್ಬ ಸಹಾಯಕಿಯನ್ನೂ ಹೆಚ್ಚುವರಿ ಮೊಟ್ಟೆ, ಹಾಲನ್ನೂ ಕಳುಹಿಸಿರಿ. ನಿಮ್ಮಲ್ಲಿ ಪಂಚಾಯಿತಿ ಸದಸ್ಯರಾದವರೂ ಇದ್ದೀರಿ, ಇಲಾಖೆಯ ನೌಕರಿಯಲ್ಲಿರುವವರೂ ಇದ್ದೀರಿ. ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತುವಿರಾ?