ಬೇಡದ ನೌಕೆಯ ಬೆಲೆ

ಮನೆಯ ಹುಡುಗನು ಆಕಾಶನೌಕೆಯೊಂದನ್ನು ಗುಜರಿಗೆ ಹಾಕಿದೆನೆಂದರೆ ಹಿರಿಯರು ಬೆಚ್ಚಬೇಕಾಗಿಲ್ಲ. ಇಂಗ್ಲೆಂಡಿನ ಹಲೋ ಗೇಮ್ಸ್ ಸಂಸ್ಥೆಯು ೨೦೧೬ರಲ್ಲಿ ಹೊರತಂದ ‘ನೋ ಮ್ಯಾನ್ಸ್ ಸ್ಕೈ’ ಎಂಬ ವಿಡಿಯೋ ಆಟದಲ್ಲಿ ಅದೂ ಒಂದು ಸಂಪಾದನೆಯ ಮಾರ್ಗ.

ಅಲ್ಲಿಯ ಗ್ರಹಗಳ ಮೇಲೆ ಕೆಟ್ಟುಬಿದ್ದಿರುವ ನೌಕೆಗಳು ಕಂಡವರ ಪಾಲು, ಬೆಲೆ ತೆರಬೇಕಾಗಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ಬಿಟ್ಟಿ ದೊರೆಯಿತೆಂಬ ಸಂಭ್ರಮದಲ್ಲಿ ಮೂಲೆಮೂಲೆಯನ್ನೂ ರಿಪೇರಿ ಮಾಡಿ, ಬರಬೇಕಾದ ಲಾಭವನ್ನೆಲ್ಲ ಅದಕ್ಕೇ ಸುರಿಯುತ್ತಾರೆ. ಕೆಡವಲಿರುವ ಮನೆಗೆ ಯಾರಾದರೂ ಸುಣ್ಣ ಬಳಿಸುವರೇ? ನೆಲದಿಂದ ಮೇಲೆಬ್ಬಿಸುವ ಯಂತ್ರ, ಗ್ರಹಗಳ ನಡುವೆ ಓಡಿಸುವ ಯಂತ್ರ, ಇವೆರಡು ನಡೆದರೆ ನೌಕೆಯು ಆಕಾಶನಿಲ್ದಾಣವನ್ನು ಮುಟ್ಟುತ್ತದೆ. ಅಷ್ಟು ಸಾಕು.

೨೦೧೯ರ ನವೆಂಬರಿನಲ್ಲಿ ಆಟವನ್ನು ಪರಿಷ್ಕರಿಸಿದಂದಿನಿಂದ ನಿಲ್ದಾಣದಲ್ಲಿಯೇ ನೌಕೆಯನ್ನು ಒಡೆಸುವ ಏರ್ಪಾಡಿದೆ. ಕೈಗೆ ಬರುವುದು ನಗದಲ್ಲ, ಬಿಡಿಸಾಮಾನು. ಅದನ್ನು ಅಲ್ಲಿಯೇ ಮಾರಿದರೆ ‘ಯೂನಿಟ್’ ಎಂಬ ಹಣ. ಕೆಲವೊಮ್ಮೆ ಇನ್ನೊಂದು ನೌಕೆಯ ಉಗ್ರಾಣವನ್ನು ಹಿಗ್ಗಿಸುವ ಸಾಧನವೂ ಸಿಗುವುದುಂಟು. ಅದನ್ನು ಮಾರುವವನನ್ನು ಜಾಣನೆನ್ನಲಾರೆ.

ಒಡೆಸಿದ ನೌಕೆಯು ಮರಳಿ ಬಾರದು. ಒಳಗಿನ ಸರಕನ್ನು ಮೊದಲೇ ಇಳಿಸಿಕೊಳ್ಳುವುದು ಮೇಲು. ಇಟ್ಟುಕೊಳ್ಳಬಹುದಾದ ನೌಕೆಗಳ ಸಂಖ್ಯೆಗೆ ಮಿತಿಯುಂಟು. ಆದರೂ ತಾವು ಮೊತ್ತಮೊದಲು ಏರಿದ ಆ ಸಣ್ಣ ನೌಕೆಯನ್ನು, ಅದರ ಬೆಲೆ ಅತ್ಯಲ್ಪವೆಂದು ತಿಳಿದೂ, ಒಡೆಸಲೊಪ್ಪದ ಆಟಗಾರರಿದ್ದಾರೆ.