ಹಕ್ಕಿಜ್ವರ: ರಕ್ತ ಹೇಳುವ ಪಾಠ

‘ರೋಗನಿರೋಧಕ ಶಕ್ತಿ ಹೆಚ್ಚಲು ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ’ ಎಂದು ಕೇಳುವವರು ಬಹಳ. ಈ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂಬುದು ಬೇರೂರಿದ ನಂಬಿಕೆ. ಹಕ್ಕಿಜ್ವರದ ರೋಗಿಗಳ ರಕ್ತ ಹೇಳುವುದೇ ಬೇರೆ.

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ವೈರಸ್ 18 ಜನರಿಗೆ ತಗುಲಿ, ಆರು ಮಂದಿ ತೀರಿಕೊಂಡರು. ಬಳಿಕ ವಿಯೆಟ್ನಾಮಿನ ರೋಗಿಗಳನ್ನು ಪರೀಕ್ಷಿಸಿದ ವೈದ್ಯರು 2006ರಲ್ಲಿ ಪ್ರಕಟಿಸಿದ ವರದಿ ಗಮನಾರ್ಹ. ಸತ್ತವರ ಗಂಟಲಲ್ಲಿ ವೈರಸ್ ವಿಪರೀತ. ರಕ್ತದಲ್ಲಿ ಸೈಟೊಕೈನ್ ಎಂಬ ರಾಸಾಯನಿಕಗಳೂ ವಿಪರೀತ. ಆದರೆ ವೈರಸ್ಸಿನೊಡನೆ ಹೋರಾಡಬೇಕಾದ ಟಿ-ಕಣಗಳು ಕಡಿಮೆ. ಅಂದರೆ ಕೂಗಾಟ ಜಾಸ್ತಿ, ಕೆಲಸದಾಳು ಕಡಿಮೆ. ಈ ಕೂಗಾಟದಿಂದ ಉರಿಯೂತ ಹೆಚ್ಚಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಇದಾಗುವುದು ಹೇಗೆ? ಮನೆಯಲ್ಲಿ ಹತ್ತಾರು ಸ್ವಿಚ್‌ಗಳಿದ್ದರೂ ಬೇಕಾದ ದೀಪವನ್ನಷ್ಟೇ ಹಾಕುತ್ತೇವಲ್ಲವೆ? ಜೀವಕೋಶದ ಜೀನ್‌ಗಳೂ ಹಾಗೆಯೇ. ವೈರಸ್ ಹೊಕ್ಕೊಡನೆ ಬಿಳಿ ರಕ್ತಕಣಗಳಲ್ಲಿ ಇಂಟರ್‌ಫೆರಾನ್‌ಗೆ ಸ್ಪಂದಿಸುವ ಜೀನ್‌ಗಳು ಚುರುಕಾಗುತ್ತವೆ. ಯಾವುದು ಎಷ್ಟು ಚುರುಕಾಗಿದೆ ಎಂಬುದನ್ನು ಸ್ವಲ್ಪ ರಕ್ತದಲ್ಲಿರುವ ಆರ್‌ಎನ್‌ಎ ಅಳೆದು ತಿಳಿಯಬಹುದು. ಸ್ವಿಚ್ ಹಾಕುವುದಷ್ಟೇ ಅಲ್ಲ, ಸಕಾಲಕ್ಕೆ ಆರಿಸುವುದೂ ಮುಖ್ಯ.

2013ರಲ್ಲಿ ಚೀನಾದಲ್ಲಿ ಎಚ್7ಎನ್9 ಕಾಣಿಸಿತು. ಅಲ್ಲಿ ಆಸ್ಪತ್ರೆ ಸೇರಿದವರಲ್ಲಿ, ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವ ಟಿ-ಕಣಗಳು ಬೇಗನೆ ಎಚ್ಚೆತ್ತವರು ಬೇಗ ಮನೆಗೆ ಮರಳಿದರು. ಹಾಗಾದರೆ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರಾಯಿತೆ? ಅದೂ ಅಲ್ಲ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಪಡೆದವರಲ್ಲಿ ವೈರಸ್ ಹೆಚ್ಚು ದಿನ ಉಳಿಯಿತು. ಸಾವೂ ಹೆಚ್ಚಾಗಿ ಕಂಡಿತು.

ನನ್ನ ಅಭಿಪ್ರಾಯ ಇಷ್ಟೆ: ದೇಹಕ್ಕೆ ಬೇಕಾದುದು ಹೆಚ್ಚು ಶಕ್ತಿಯಲ್ಲ, ಹದವಾದ ಶಕ್ತಿ. ಅದು ಟಾನಿಕ್ ಬಾಟಲಿಯಲ್ಲಿ ಸಿಗದು. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವ ಅಭ್ಯಾಸವಂತೂ ಅಪಾಯ. ವೈರಸ್ಸನ್ನು ಆರಂಭದಲ್ಲೇ ತಡೆಯುವುದು ಮೇಲು. ಒಸೆಲ್ಟಾಮಿವಿರ್ ಔಷಧ ರೋಗಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲಕಾರಿ.

ಇದು ದೂರದೂರಿನ ಮಾತೆಂದು ಕೈಬಿಡಬೇಡಿ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರಕ್ಕೂ ಎಚ್5ಎನ್1 ಬಂದಿತ್ತು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಹೆದರಬೇಕಿಲ್ಲ. ಸತ್ತ ಹಕ್ಕಿಯನ್ನು ಬರಿಗೈಲಿ ಮುಟ್ಟಬೇಡಿ. ಕಾಯಿಲೆಬಿದ್ದ ಕೋಳಿಗಳ ನಡುವೆ ಓಡಾಡಿದ ಮೇಲೆ ಜ್ವರ, ಕೆಮ್ಮು, ಉಬ್ಬಸ ಬಂದರೆ ವೈದ್ಯರು ಕೇಳುವ ಮೊದಲೇ ಆ ಸಂಗತಿ ತಿಳಿಸಿಬಿಡಿ.