ಬದುವಿನ ತಂಗಡಿಯೂ ನಮ್ಮ ಆಳೇ



ಬೀಜ, ಗೊಬ್ಬರ, ಔಷಧಿಗೆ ಸಾಲ ಮಾಡುತ್ತೇವೆ. ಹೂವನ್ನು ಕಾಯಿ ಮಾಡುವ ಜೇನು, ದುಂಬಿಗಳು ಎಂದಾದರೂ ಕೂಲಿ ಕೇಳಿದ್ದುಂಟೇ? ಕುಂಬಳ, ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹುಚ್ಚೆಳ್ಳಿಗೆ ತನ್ನದೇ ಗಿಡದ ಪರಾಗ ಹತ್ತದು. ಹುಳ ಬಾರದಿದ್ದರೆ ಎಷ್ಟು ಯೂರಿಯಾ ಸುರಿದರೂ ಹೀಚು ಉದುರುತ್ತೆ, ಕಾಳು ಜೊಳ್ಳಾಗುತ್ತೆ. ಸಾಲ ಮಾತ್ರ ಜೊಳ್ಳಾಗುವುದಿಲ್ಲ!

1991-92ರ ಹೊತ್ತಿಗೆ ದಕ್ಷಿಣ ಭಾರತದಲ್ಲಿ ತುಡುವೆ ಜೇನು ರೋಗಕ್ಕೆ ಸಿಕ್ಕಿ ನೆಲಕಚ್ಚಿತು. ಅದು ರೋಗ. ಈಗ ಬದುವಿಗೆ ಕಳೆನಾಶಕ ಹೊಡೆದು ಹುಳಗಳ ಅನ್ನ ಕಸಿಯುತ್ತಿರುವವರು ನಾವೇ. ನಾನೂ ಹೊಡೆದವನೇ. ಬೆಳೆಯ ಹೂವು ಕೆಲವೇ ವಾರ. ಹುಳದ ಹೊಟ್ಟೆ ವರ್ಷವಿಡೀ.

ಅದಕ್ಕೇ ಬದುವಿಗೆ ತಂಗಡಿ ಹಾಕಿ. ಒಮ್ಮೆ ಬೇರೂರಿದರೆ ವರ್ಷಾನುಗಟ್ಟಲೆ ಇರುತ್ತೆ, ಬರ ತಡೆಯುತ್ತೆ, ಸೊಪ್ಪು ಗೊಬ್ಬರಕ್ಕಾಯಿತು. ಒಣಗಿದ ಕಾಯಿ ಬಿಡಿಸಿ ಬೀಜ ತೆಗೆಯಿರಿ. ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯೆಲ್ಲ ಬಿಡಿ. ಉಬ್ಬಿದ ಬೀಜವನ್ನು ಮುಂಗಾರಿನ ಹದಕ್ಕೆ ಮೇಲಮೇಲೆ ಊರಿ. ತಂಗಡಿಯಲ್ಲಿ ಪರಾಗವುಂಟು, ಮಕರಂದವಿಲ್ಲ. ನಡುನಡುವೆ ಲಕ್ಕಿಯನ್ನೂ ಬೆಳೆಸಿ.

ಬೆಲೆಯ ಹೋರಾಟ ಬಿಡುವುದು ಬೇಡ. ಆದರೆ ಕಾಸು ಖರ್ಚಿಲ್ಲದ ಈ ಕೆಲಸಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಈ ಮುಂಗಾರಿಗೇ ಒಂದು ಬದುವಿನಿಂದ ಶುರು ಮಾಡೋಣ.